ವಾಪಸ್ ತಿರುಗುವುದನ್ನೂ ಕಲಿಸಬೇಕು

ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಹುಬ್ಬಳ್ಳಿಯ ಗೆಳೆಯನೊಬ್ಬನಿದ್ದಾನೆ. ವಾರದಲ್ಲಿ ಐದು ದಿನ ನನ್ನ ಹಾಗೆಯೇ ಹೈಟೆಕ್ ಸಿಟಿಗೆ ಹೋಗಿ ಕೋಡ್ ಬರೆಯುತ್ತಾನೆ. ವಾರಾಂತ್ಯದಲ್ಲಿ ವಿಮಾನ ಹಾರಿಸುತ್ತಾನೆ. ಖಾಸಗಿ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಅವನ ಕೈಗೆ ಬಂದು ಎರಡು ವರ್ಷವಾಗಿಲ್ಲ. ಇದನ್ನಿಟ್ಟುಕೊಂಡು ಸಂಬಳಕ್ಕೆ ವಿಮಾನ ನಡೆಸುವಂತಿಲ್ಲ. ಸ್ವಂತ ಖುಷಿಗೆ, ಸ್ವಂತ ದುಡ್ಡಿನಲ್ಲಿ ಹಾರಬಹುದು, ಮನೆಯವರನ್ನು ಕೂರಿಸಿಕೊಳ್ಳಬಹುದು. ಅವನ ಹಾಲ್‌ನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಮೂರು ಮಾನಿಟರ್, ಒಂದು ಯೋಕ್, ಕಾಲಿಗೆ ಪೆಡಲ್. ಇದನ್ನೆಲ್ಲ ಜೋಡಿಸಲು ಒಂದು ಒಳ್ಳೆಯ ಬೈಕಿನಷ್ಟು ಖರ್ಚಾಗಿದೆ ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಹೋದ ಜುಲೈನಲ್ಲಿ ಒಂದು ಶನಿವಾರ ಸಂಜೆ ಹೊರಗೆ ಜಿಟಿಜಿಟಿ ಮಳೆ. ಕೊತ್ತಗುಡ ಜಂಕ್ಷನ್ನಿನ ಟ್ರಾಫಿಕ್ ನೆನೆದು ಎಲ್ಲಿಗೂ ಹೋಗುವ ಮನಸ್ಸಾಗಲಿಲ್ಲ. ಅವನು ಸಿಮ್ಯುಲೇಟರ್ ಮುಂದೆ ಕೂತ, ಹವಾಮಾನದ ನಿಯಂತ್ರಣವನ್ನು ನನ್ನ ಲ್ಯಾಪ್‌ಟಾಪಿಗೆ ಕೊಟ್ಟ. ಬೇಗಂಪೇಟೆಯಿಂದ ಕಲಬುರಗಿಗೆ ಸೆಸ್ನಾ 172ರಲ್ಲಿ ಪಯಣ. ಸುಮಾರು 160 ಕಿಲೋಮೀಟರ್, ಒಂದು ಗಂಟೆಯೂ ಬೇಡ. ಹೊರಟಾಗ ಆಕಾಶ ತಿಳಿಯಾಗಿತ್ತು. ವಿಕಾರಾಬಾದ್ ಗುಡ್ಡಗಳು ಬಂದ ಮೇಲೆ ನಾನು ಗೋಚರತೆಯನ್ನು ಒಂದೊಂದೇ ಮೆಟ್ಟಿಲು ಇಳಿಸತೊಡಗಿದೆ. 8 ಕಿಲೋಮೀಟರ್, 5, 3. ಅವನಿಗೆ ಗೊತ್ತಾಯಿತು. ಆದರೂ 'ಇನ್ನೊಂಚೂರು ಹೋಗೋಣು, ಮುಂದ ತಿಳಿ ಆಗ್ತೈತಿ' ಎಂದ. ಒಂದೂವರೆ ಕಿಲೋಮೀಟರ್‌ಗೆ ಇಳಿಸಿದೆ. ಆಮೇಲೆ ಪರದೆಯೆಲ್ಲ ಬಿಳಿ.

ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ್ದೆ. ಅವನು ಒಮ್ಮೆ ಹೊರಗೆ ನೋಡಿದ, ಒಮ್ಮೆ ನಕ್ಷೆ ನೋಡಿದ, ರೇಡಿಯೊ ತರಂಗಾಂತರ ಬದಲಿಸಲು ಹೋದ. ಅಷ್ಟರಲ್ಲಿ ಎಡರೆಕ್ಕೆ ಮೆಲ್ಲಗೆ ಇಳಿಯಿತು. ಮೂತಿ ಕೆಳಗಾಯಿತು, ವೇಗ ಏರಿತು. ಗಾಬರಿಯಲ್ಲಿ ಯೋಕ್ ಎಳೆದ, ಸುತ್ತು ಇನ್ನೂ ಬಿಗಿಯಾಯಿತು. 2 ನಿಮಿಷ 10 ಸೆಕೆಂಡಿಗೆ ಬಿಳಿಯ ಒಳಗಿಂದ ಹಸಿರು ಹೊಲ ಎದ್ದು ಬಂತು. 'ನಾ ನೆಟ್ಟಗ ಹೊಂಟಿದ್ನಲ್ಲೋ' ಎಂದು ಅವನು ಸುಮಾರು ಹೊತ್ತು ಸುಮ್ಮನೆ ಕೂತ.

ನನ್ನ ಕೆಲಸ ವಿಮಾನದ್ದಲ್ಲ. ಕಾರಿನ ಬ್ರೇಕು, ಸ್ಟೀರಿಂಗುಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ ಬರೆಯುತ್ತೇನೆ, ಎಂ.ಟೆಕ್. ಓದಿದ್ದೂ ಅದೇ ದಾರಿಯಲ್ಲಿ. ಆ ಸಂಜೆಯ ನಂತರ ಈ ವಿಷಯದ ಬೆನ್ನು ಬಿದ್ದೆ. ಗೆಳೆಯನ 2 ನಿಮಿಷ 10 ಸೆಕೆಂಡು ಹೊಸತೇನೂ ಅಲ್ಲ ಎಂದು ಗೊತ್ತಾಯಿತು.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 20 ಜನ ಪೈಲಟ್‌ಗಳ ಮೇಲೆ ಒಂದು ಪ್ರಯೋಗ ಮಾಡಿತು. ಮೋಡದೊಳಗೆ ಉಪಕರಣ ನೋಡಿ ಹಾರಿಸುವ ಅನುಭವ ಅವರಿಗಿರಲಿಲ್ಲ. ನಿಜವಾದ ವಿಮಾನದಲ್ಲಿ, ಬೋಧಕರ ಜೊತೆಯಲ್ಲಿ, ಹೊರಗಿನದು ಕಾಣದಂತೆ ಮಾಡಿ ಹಾರಿಸಲು ಹೇಳಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಒಬ್ಬರು 20 ಸೆಕೆಂಡಿನಲ್ಲೇ ಸೋತರೆ, ಹೆಚ್ಚೆಂದರೆ 480 ಸೆಕೆಂಡು ತಡೆದವರೊಬ್ಬರು. ಸರಾಸರಿ 178 ಸೆಕೆಂಡು. ವಿಮಾನ ಲೋಕದಲ್ಲಿ ಈ ಸಂಖ್ಯೆ ಇವತ್ತಿಗೂ ಗಾದೆಯಂತೆ ಬಳಕೆಯಲ್ಲಿದೆ.

ಹೀಗೇಕಾಗುತ್ತದೆ? ಚಿಕ್ಕವರಿದ್ದಾಗ ಅಂಗಳದಲ್ಲಿ ಗಿರಗಿರನೆ ತಿರುಗಿ ಗಕ್ಕನೆ ನಿಂತದ್ದು ನೆನಪಿರಬೇಕಲ್ಲ? ನಾವು ನಿಂತಿದ್ದರೂ ಮನೆ, ಮರ, ಬಾವಿಕಟ್ಟೆ ಎಲ್ಲ ತಿರುಗುತ್ತಿರುತ್ತವೆ. ಒಳಕಿವಿಯ ನಳಿಗೆಗಳಲ್ಲಿರುವ ದ್ರವ ತಿರುಗುವಿಕೆಯನ್ನು ಮಿದುಳಿಗೆ ತಿಳಿಸುತ್ತದೆ. ಆದರೆ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಕೆಲವೇ ಸೆಕೆಂಡಿನಲ್ಲಿ ದ್ರವವೂ ಅದೇ ವೇಗಕ್ಕೆ ಹೊಂದಿಕೊಂಡು, 'ನಾವು ನೆಟ್ಟಗಿದ್ದೇವೆ' ಎನ್ನತೊಡಗುತ್ತದೆ. ನೆಲವೂ ದಿಗಂತವೂ ಕಾಣುವಾಗ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಮೋಡದೊಳಗೆ ತಿದ್ದುವವರು ಯಾರೂ ಇಲ್ಲ, ಮುಂದಿರುವ ಉಪಕರಣಗಳನ್ನು ಬಿಟ್ಟರೆ. ಮೈ ಒಂದು ಹೇಳುವಾಗ ಮುಳ್ಳು ಇನ್ನೊಂದು ಹೇಳಿದರೆ ಮುಳ್ಳನ್ನು ನಂಬಬೇಕು. ಅದಕ್ಕೆ ಅಭ್ಯಾಸ ಬೇಕು.

ಆ ಪ್ರಯೋಗದ ಎರಡನೇ ಭಾಗವನ್ನು ನೆನೆಯುವವರು ಕಡಿಮೆ. ಸೋತ ಅದೇ ಜನರಿಗೆ ಸಂಶೋಧಕರು ಕೆಲವು ಗಂಟೆಗಳ ತರಬೇತಿ ಕೊಟ್ಟರು. ಮೋಡದೊಳಗೆ ದೂರದೂರಿಗೆ ಹೋಗುವುದನ್ನು ಅವರು ಕಲಿಸಲಿಲ್ಲ. ಉಪಕರಣ ನೋಡಿಕೊಂಡು 180 ಡಿಗ್ರಿ ತಿರುಗಿ, ಬಂದ ದಾರಿಯಲ್ಲೇ ಹೊರಬೀಳುವುದು, ಅಷ್ಟನ್ನೇ ಕಲಿಸಿದರು. ಮರುಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾರಾದರು. ಇಲ್ಲೊಂದು ಸಣ್ಣ ಲೆಕ್ಕವಿದೆ. ಪೈಲಟ್‌ಗಳು ರೂಢಿಯಲ್ಲಿ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುತ್ತಾರೆ. 180 ಡಿಗ್ರಿಗೆ ಬೇಕಾಗುವುದು 60 ಸೆಕೆಂಡು. ಇರುವ ಸಮಯ ಸರಾಸರಿ 178. ಅಂದರೆ ಮೋಡ ಹೊಕ್ಕವನಿಗೂ ಸಮಯವಿದೆ, ತಿರುಗಬೇಕೆಂದು ಕೂಡಲೇ ಅನ್ನಿಸಿದರೆ, ತಿರುಗುವುದು ಗೊತ್ತಿದ್ದರೆ.

ಇದನ್ನು ನೆಲದ ಮೇಲೆ ಕೂತು ಕಲಿಯಬಹುದೆಂದು ಮೊದಲು ತೋರಿಸಿದವನು ಎಡ್ವಿನ್ ಲಿಂಕ್. ಅವನ ಮನೆತನದ ಕಸುಬು ಆರ್ಗನ್ ಮತ್ತು ಪಿಯಾನೊ ತಯಾರಿಕೆ. ಆರ್ಗನ್‌ಗೆ ಗಾಳಿ ತುಂಬುವ ತಿದಿಗಳನ್ನೇ ಬಳಸಿ, ಅತ್ತಿತ್ತ ವಾಲುವ ಪುಟ್ಟ ವಿಮಾನದ ಗೂಡನ್ನು 1929ರಲ್ಲಿ ಮಾಡಿದ. ನಮ್ಮ ಹಾರ್ಮೋನಿಯಂ ರಿಪೇರಿಯವರಿಗೆ ಕೂಡಲೇ ಅರ್ಥವಾಗುವ ಯಂತ್ರ ಅದು. ಮೊದಮೊದಲು ಕೊಂಡವರು ಜಾತ್ರೆ, ಮನರಂಜನಾ ಪಾರ್ಕಿನವರು. 1934ರಲ್ಲಿ ಅಮೆರಿಕದ ಸೇನೆಗೆ ಟಪಾಲು ಸಾಗಿಸುವ ಹೊಣೆ ಬಿತ್ತು. ಚಳಿಗಾಲದ ಕೆಟ್ಟ ಹವೆಯಲ್ಲಿ ವಾರಗಳ ಒಳಗೆ ಹಲವು ಪೈಲಟ್‌ಗಳು ಸತ್ತರು. ಆಗ ಸೇನೆ ಲಿಂಕ್‌ನನ್ನು ಕರೆಸಿತು. ಅವನು ಬರಬೇಕಿದ್ದ ದಿನ ಮಂಜು ಕವಿದು, ಇನ್ನು ಬರಲಾರ ಎಂದು ಅಧಿಕಾರಿಗಳು ಎದ್ದು ಹೊರಡುವಷ್ಟರಲ್ಲಿ ಉಪಕರಣ ನಂಬಿಕೊಂಡೇ ಹಾರಿ ಬಂದು ಇಳಿದ. ಸೇನೆ ಆರು ಯಂತ್ರ ಕೊಂಡಿತು. ಇವತ್ತಿನ ಸಿಮ್ಯುಲೇಟರುಗಳೆಲ್ಲ ಆ ತಿದಿಯ ಮೊಮ್ಮಕ್ಕಳು.

ಈಗ ತಿದಿಯ ಜಾಗದಲ್ಲಿ ಗಣಿತವಿದೆ. ವಿಮಾನದ ತೂಕ, ವೇಗ, ರೆಕ್ಕೆಯ ಕೋನ ಇಟ್ಟುಕೊಂಡು ಕಂಪ್ಯೂಟರ್ ಪ್ರತಿ ಸೆಕೆಂಡಿಗೆ ಹತ್ತಾರು ಸಲ ಚಲನೆಯ ಸಮೀಕರಣ ಬಿಡಿಸುತ್ತದೆ. ಗಾಳಿಯ ಕುಲುಕಾಟಕ್ಕೆ ಡ್ರೈಡನ್ ಎಂಬ ಹಳೆಯ ಗಣಿತ ಮಾದರಿಯಿದೆ. ಗೊತ್ತುಗುರಿಯಿಲ್ಲದ ಸಂಖ್ಯೆಗಳನ್ನು ಜರಡಿ ಹಿಡಿದು ನಿಜವಾದ ಗಾಳಿಯ ಏರಿಳಿತದಂತೆ ಮಾಡುತ್ತದೆ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಈ ಕ್ಷಣದ ಹವಾಮಾನವನ್ನೇ ತಂದು ಪರದೆಯಲ್ಲಿ ಕೂರಿಸುತ್ತದೆ. ಎಕ್ಸ್-ಪ್ಲೇನ್ ಎಂಬ ತಂತ್ರಾಂಶವನ್ನು ತಕ್ಕ ಯಂತ್ರದ ಜೊತೆ ಅಮೆರಿಕದಲ್ಲಿ ಅಧಿಕೃತ ತರಬೇತಿಗೂ ಒಪ್ಪುತ್ತಾರೆ. ಕೋಟಿಗಟ್ಟಲೆ ಬೆಲೆಯ ಸಿಮ್ಯುಲೇಟರುಗಳಿಗೆ ನಮ್ಮ ಹೈದರಾಬಾದೂ ಹಳೆಯ ಊರು. ಇಂಡಿಯನ್ ಏರ್‌ಲೈನ್ಸ್‌ನ ಕೇಂದ್ರ ತರಬೇತಿ ಸಂಸ್ಥೆ ಇದ್ದದ್ದು ಇಲ್ಲೇ. ಆದರೆ ಅವು ದೊಡ್ಡ ವಿಮಾನದವರಿಗೆ. ನನ್ನ ಗೆಳೆಯನಂಥ ವಾರಾಂತ್ಯದ ಪೈಲಟ್‌ಗೆ ಹಾಲ್‌ನಲ್ಲಿರುವ ಮೂರು ಮಾನಿಟರುಗಳೇ ಗತಿ.

ಅವನಿಗೆ ಇದು ಏಕೆ ಬೇಕು ಎನ್ನುವುದಕ್ಕೆ ನಮ್ಮ ಸುತ್ತಲೇ ನೆನಪುಗಳಿವೆ. 2009ರ ಸೆಪ್ಟೆಂಬರ್ 2ರ ಬೆಳಿಗ್ಗೆ ಬೇಗಂಪೇಟೆಯಿಂದ ಹೊರಟ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು. ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಸೇರಿ ಐವರು ತೀರಿಕೊಂಡರು. ಎಣ್ಣೆ ಒತ್ತಡದ ಒಂದು ಎಚ್ಚರಿಕೆಗೆ ಉತ್ತರ ಹುಡುಕುವುದರಲ್ಲಿ ಪೈಲಟ್‌ಗಳು ಮುಳುಗಿದ್ದಾಗ ಹೆಲಿಕಾಪ್ಟರ್ ಗುಡುಗುಮೋಡದ ಕೆಳಮುಖ ಗಾಳಿಗೆ ಸಿಕ್ಕಿತು ಎಂದು ಆರ್.ಕೆ. ತ್ಯಾಗಿ ನೇತೃತ್ವದ ತನಿಖಾ ಸಮಿತಿ ಹೇಳಿತು. ಅವರೇ ಮುಂದೆ ಬೆಂಗಳೂರಿನ ಎಚ್‌ಎಎಲ್ ಅಧ್ಯಕ್ಷರಾದರು. ಅಲ್ಲಿ ಕೂತಿದ್ದವರು ಪಳಗಿದ ವೃತ್ತಿಪರರು. 2019ರ ಅಕ್ಟೋಬರ್ 6ರಂದು ವಿಕಾರಾಬಾದ್ ಜಿಲ್ಲೆಯ ಸುಲ್ತಾನ್‌ಪುರದ ಬಳಿ ತರಬೇತಿಯ ಸೆಸ್ನಾ ಬಿದ್ದು ಇಬ್ಬರು ಕಲಿಕೆಯ ಪೈಲಟ್‌ಗಳು ಸತ್ತರು. ಆ ಹೊತ್ತಿಗೆ ಅಲ್ಲಿ ಹವೆ ಕೆಟ್ಟಿತ್ತೆಂದು ಅಂದಿನ ವರದಿಗಳು ಹೇಳಿದ್ದವು. ನಾನು ಪರದೆಯಲ್ಲಿ ಮಂಜು ಕವಿಸಿದ್ದು ಅದೇ ಜಿಲ್ಲೆಯ ಮೇಲೆ. ಅದು ನನಗೆ ಆಮೇಲೆ ಹೊಳೆಯಿತು, ಹೊಟ್ಟೆಯಲ್ಲಿ ಒಂಥರಾ ಆಯಿತು.

ಹೊರದೇಶದ ಕತೆಯೂ ಬೇರೆಯಲ್ಲ. 1999ರ ಜುಲೈನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಮಸುಕು ಕವಿದ ರಾತ್ರಿಯಲ್ಲಿ ಸಮುದ್ರದ ಮೇಲೆ ದಿಕ್ಕುಗೆಟ್ಟು ಬಿದ್ದರು. ಅವರೂ ಖಾಸಗಿ ಪೈಲಟ್. 2020ರ ಜನವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಮೋಡ ಹೊಕ್ಕು ಗುಡ್ಡಕ್ಕೆ ಬಡಿಯಿತು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ತನ್ನ ಶಿಫಾರಸಿನಲ್ಲಿ, ಬಾಡಿಗೆ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಹದಗೆಡುವ ಹವಾಮಾನವನ್ನು ಗುರುತಿಸಿ ನಿರ್ಧಾರ ತೆಗೆದುಕೊಳ್ಳುವುದನ್ನು ಸಿಮ್ಯುಲೇಟರಿನಲ್ಲಿ ಕಡ್ಡಾಯವಾಗಿ ಕಲಿಸಿ ಎಂದಿತು. ಇಲ್ಲಿ 'ನಿರ್ಧಾರ' ಎಂಬ ಪದ ಮುಖ್ಯ.

ನಮ್ಮಲ್ಲಿ ಪಿಪಿಎಲ್‌ಗೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಕಣ್ಣಳತೆಯಲ್ಲಿ ಹಾರುವವನಿಗೆ 10,000 ಅಡಿಯ ಕೆಳಗೆ ಕನಿಷ್ಠ 5 ಕಿಲೋಮೀಟರ್ ಗೋಚರತೆ ಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ದೂರವಿರಬೇಕು. ನಿಯಮ ಸರಿಯಾಗಿಯೇ ಇದೆ. ಹೀಗಾಗಿ ಕಲಿಕೆಯೆಲ್ಲ ಒಳ್ಳೆಯ ಹವೆಯಲ್ಲೇ ನಡೆಯುತ್ತದೆ. ಯಾವ ಬೋಧಕನೂ ಹುಡುಗನನ್ನು ಕರೆದುಕೊಂಡು ಹೋಗಿ ಗುಡುಗುಮೋಡ ತೋರಿಸುವುದಿಲ್ಲ, ತೋರಿಸಲೂಬಾರದು. ಪರಿಣಾಮ ಏನೆಂದರೆ, ಯಾವುದು ಕೊಲ್ಲುತ್ತದೋ ಅದನ್ನು ಅವನು ಮೊದಲ ಸಲ ನೋಡುವುದು ಒಬ್ಬನೇ ಇರುವಾಗ, ಇಲ್ಲವೇ ಮನೆಯವರನ್ನು ಹಿಂದೆ ಕೂರಿಸಿಕೊಂಡಿರುವಾಗ. ಈಜು ಕಲಿಸಿ ಹೊಳೆಯ ಸುಳಿ ಹೇಳಿಕೊಡದೆ ಬಿಟ್ಟ ಹಾಗೆ. ಸುಳಿಯನ್ನು ನೀರಿಗಿಳಿಯದೆ ತೋರಿಸಬಲ್ಲದ್ದು ಸಿಮ್ಯುಲೇಟರ್ ಮಾತ್ರ.

ಆದರೆ ಏನನ್ನು ಕಲಿಸಬೇಕು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಚಾರ್ಮಾಡಿ ಘಾಟಿಯಲ್ಲಿ.

ನನ್ನ ಅಪ್ಪ ಬಸ್ ಡ್ರೈವರ್ ಆಗಿದ್ದರು. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಮಂಗಳೂರಿಗೆ. ನನಗೆ ಒಂಬತ್ತು ವರ್ಷವಿದ್ದಾಗ ಆಷಾಢದ ಒಂದು ಸಂಜೆ ನಾನೂ ಆ ಬಸ್ಸಿನಲ್ಲಿದ್ದೆ, ಇಂಜಿನ್ ಬಾನೆಟ್ಟಿನ ಪಕ್ಕ. ಕೊಟ್ಟಿಗೆಹಾರದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹೆಡ್‌ಲೈಟ್ ಹಾಕಿದರೆ ಎದುರು ಬಿಳಿಗೋಡೆ. ಅಪ್ಪ ಬಸ್ಸನ್ನು ಬದಿಗೆ ಹಾಕಿ ಇಂಜಿನ್ ಆರಿಸಿದರು. ಜನ ಸುಮ್ಮನಿರಲಿಲ್ಲ. ಮಂಗಳೂರಿನಲ್ಲಿ ರೈಲು ಹಿಡಿಯಬೇಕಾದವರಿದ್ದರು, ಆಸ್ಪತ್ರೆಗೆ ಹೊರಟವರಿದ್ದರು. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ಬಸ್ಸು ಹಾರ್ನ್ ಹೊಡೆದು ಘಾಟಿ ಇಳಿದೇ ಹೋಯಿತು. 'ನೋಡಿ, ಅವನು ಹೋದ. ನಿಮಗೇನಾಗಿದೆ?' ಎಂದು ಒಬ್ಬರು ಕೂಗಿದರು. ಅಪ್ಪ ಒಂದೂವರೆ ಗಂಟೆ ಕದಲಲಿಲ್ಲ. ಮುಂದಿನ ಬಸ್ಸು ಕ್ಷೇಮವಾಗಿಯೇ ಊರು ಮುಟ್ಟಿತ್ತು. ಯಾರೋ ದೂರು ಕೊಟ್ಟು ಅಪ್ಪನಿಗೆ ಒಂದು ಮೆಮೊ ಬಂತು. ದೊಡ್ಡವನಾದ ಮೇಲೆ ಒಮ್ಮೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: 'ಅವನಿಗೆ ಕಂಡಿರಬಹುದು, ಅವನು ಹೋದ. ನನಗೆ ಕಾಣಲಿಲ್ಲ, ನಾನು ನಿಂತೆ.'

ಪೈಲಟ್‌ನನ್ನು ಮೋಡದೊಳಗೆ ನೂಕುವುದು ಹೆಚ್ಚಾಗಿ ಈ ಕೂಗೇ. ಮುಟ್ಟಲೇಬೇಕು, ಹೇಳಿಯಾಗಿದೆ, ಕಾಯುತ್ತಿದ್ದಾರೆ, ಅರ್ಧ ದಾರಿ ಬಂದಾಗಿದೆ. ಹೊರಗಿರುವ ಕನ್ನಡಿಗರಾದ ನಮಗೆ ಈ ರೋಗ ಚೆನ್ನಾಗಿ ಗೊತ್ತು. ದೀಪಾವಳಿಯ ಹಿಂದಿನ ರಾತ್ರಿ ಆಫೀಸು ಮುಗಿಸಿ ಕಾರು ಹತ್ತಿ, ಜಡಿಮಳೆಯಲ್ಲಿ ವೈಪರ್ ಸೋಲುತ್ತಿದ್ದರೂ 'ಕರ್ನೂಲು ದಾಟಿದರೆ ಆಯಿತು, ಅನಂತಪುರ ದಾಟಿದರೆ ಮನೆಯೇ' ಎಂದುಕೊಂಡು ಓಡಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಾನೂ ಓಡಿಸಿದ್ದೇನೆ. ಅಪ್ಪನ ಮಗನಾಗಿಯೂ.

ಆದ್ದರಿಂದ ಸಿಮ್ಯುಲೇಟರಿನಲ್ಲಿ ಮಂಜು ಹಾಕಿದರೆ ಸಾಲದು, ಆಸೆಯನ್ನೂ ಹಾಕಬೇಕು. ಹವೆ ಒಮ್ಮೆಲೇ ಕೆಡಬಾರದು, ನಿಜದಲ್ಲಿ ಆಗುವ ಹಾಗೆ ಒಂದೊಂದು ಕಿಲೋಮೀಟರ್ ಕೆಡಬೇಕು. ರೇಡಿಯೊದಲ್ಲಿ ಮುಂದೆ ಹೋದವನೊಬ್ಬ 'ಪರವಾಗಿಲ್ಲ, ಬರಬಹುದು' ಎನ್ನಬೇಕು. ಇಂಧನ ಸ್ವಲ್ಪ ಬಿಗಿಯಾಗಿರಬೇಕು, ಸೂರ್ಯ ಇಳಿಯುತ್ತಿರಬೇಕು. ಒಮ್ಮೊಮ್ಮೆ ಮುಂದೆ ನಿಜವಾಗಿಯೂ ತಿಳಿಯಾಗಿರಬೇಕು, ಆಗಲೂ ಬೇಗ ತಿರುಗಿದವನಿಗೆ ಪೂರ್ತಿ ಅಂಕ ಕೊಡಬೇಕು. ಅಂಕ ಯಾವಾಗ ತಿರುಗಿದ ಎಂಬುದಕ್ಕೆ, ಎಷ್ಟು ಚೆನ್ನಾಗಿ ಇಳಿಸಿದ ಎಂಬುದಕ್ಕಲ್ಲ. ಗೆಳೆಯನ ಜೊತೆ ಮುಂದಿನ ಎಂಟು ಶನಿವಾರ ನಾವು ಆಡಿದ್ದು ಇದೇ ಆಟ. ಮೊದಲ ಮೂರು ವಾರ ಅವನು ಒಂದೂವರೆ ಕಿಲೋಮೀಟರ್‌ವರೆಗೂ ಹೋಗುತ್ತಿದ್ದ. ಆರನೇ ವಾರಕ್ಕೆ 6 ಕಿಲೋಮೀಟರ್‌ನಲ್ಲೇ 'ಹೊಳ್ಳಿ ಹೋಗೋಣು' ಎಂದು ತಿರುಗಿಸಿದ.

ಇದರ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಕಸುಬಿಗೇ ಮೋಸ. ಮನೆಯ ಕುರ್ಚಿ ಅಲುಗುವುದಿಲ್ಲ. ಒಳಕಿವಿ ಸುಳ್ಳು ಹೇಳುವುದೇ ಇಲ್ಲ. ಪರದೆಯಲ್ಲಿ ಗೆಳೆಯ ಬಿದ್ದದ್ದು ಗಮನ ತಪ್ಪಿ, ಆಕಾಶದಲ್ಲಿ ಅದರ ಜೊತೆಗೆ ಮೈಯೇ ಎದುರಾಳಿಯಾಗುತ್ತದೆ. ಸಾವಿನ ಭಯವಿಲ್ಲದ ಜಾಗದಲ್ಲಿ ಮೋಡದೊಳಗೆ ಹಾರಿ ಗೆದ್ದವನಿಗೆ 'ನನಗೆ ಬರುತ್ತದೆ' ಎಂಬ ಹುಂಬತನ ಹತ್ತಿದರೆ ತರಬೇತಿಯೇ ಅಪಾಯ. ಅದಕ್ಕಾಗಿ ಪಕ್ಕದಲ್ಲಿ ಬೋಧಕ ಇರಲೇಬೇಕು. ಅಮೆರಿಕದಲ್ಲಿ ಖಾಸಗಿ ಪೈಲಟ್ ಆಗುವವನು ಕನಿಷ್ಠ 3 ಗಂಟೆ ಉಪಕರಣ ಮಾತ್ರ ನೋಡಿ ವಿಮಾನದಲ್ಲೇ ಕಲಿಯಬೇಕು. ಒಪ್ಪಿಗೆ ಪಡೆದ ಸಿಮ್ಯುಲೇಟರಿನ ಹೊತ್ತನ್ನು 40 ಗಂಟೆಯಲ್ಲಿ ಎರಡೂವರೆ ಗಂಟೆಯವರೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡೂ ಜೊತೆಯಾಗಿದ್ದರೇ ಪ್ರಯೋಜನ.

ಮೈಯ ಸುಳ್ಳನ್ನು ತೋರಿಸುವ ಜಾಗ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ವಿಮಾನಪುರದಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಯುದ್ಧ ಪೈಲಟ್‌ಗಳಿಗೆ ದಿಕ್ಕುತಪ್ಪುವ ಅನುಭವವನ್ನು ನೆಲದ ಮೇಲೆಯೇ ಮಾಡಿಸುತ್ತದೆ. ರನ್‌ವೇಯಲ್ಲಿ ಎಷ್ಟು ದೂರ ಕಾಣುತ್ತದೆ ಎಂದು ಅಳೆಯುವ 'ದೃಷ್ಟಿ' ಉಪಕರಣ ಮಾಡಿದ್ದು, ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಹಂಸ ವಿಮಾನ ಕಟ್ಟಿದ್ದು ಬೆಂಗಳೂರಿನ ಎನ್‌ಎಎಲ್. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಮೈಸೂರು, ಕಲಬುರಗಿ, ಬೆಳಗಾವಿಗಳಲ್ಲಿ ಹುಡುಗ ಹುಡುಗಿಯರು ಹಾರಾಟ ಕಲಿಯುತ್ತಿದ್ದಾರೆ. ಸಿಮ್ಯುಲೇಷನ್ ಬರೆಯಬಲ್ಲ ನಮ್ಮಂಥವರಿಗಂತೂ ಬರವಿಲ್ಲ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ, ನಮ್ಮ ಮುಂಗಾರಿಗೆ, ನಮ್ಮ ಏಪ್ರಿಲ್ ಗುಡುಗುಮಳೆಗೆ, ಬೆಂಗಳೂರಿನ ಡಿಸೆಂಬರ್ ಮಂಜಿಗೆ, ಪಶ್ಚಿಮಘಟ್ಟಕ್ಕೆ ಹೊಂದುವ ಹತ್ತಿಪ್ಪತ್ತು ಪಾಠಗಳನ್ನು ಸಿದ್ಧಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಪಿಪಿಎಲ್ ಕೊಡುವ ಮುನ್ನ ಇಂಥ ಐದು ಗಂಟೆಯನ್ನು ಡಿಜಿಸಿಎ ಕಡ್ಡಾಯ ಮಾಡಲಿ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಒಂದು ಗಂಟೆ ಮರುಪಾಠವಿರಲಿ. ಕರ್ನಾಟಕ ಸರ್ಕಾರ ಇದನ್ನು ಜಕ್ಕೂರಿನಿಂದಲೇ ಶುರುಮಾಡಬಹುದು, ದೆಹಲಿಯ ಆದೇಶಕ್ಕೆ ಕಾಯಬೇಕಿಲ್ಲ.

ಗೆಳೆಯನ ಅಪ್ಪ ಅಮ್ಮ ದಸರೆಗೆ ಹುಬ್ಬಳ್ಳಿಯಿಂದ ಬಂದಿದ್ದರು. ಮಗ ವಿಮಾನದಲ್ಲಿ ಕೂರಿಸುತ್ತಾನೆಂದು ಅಮ್ಮ ಓಣಿಗೆಲ್ಲ ಹೇಳಿ ಬಂದಿದ್ದರು. ವಿಮಾನ ಬುಕ್ ಆಗಿತ್ತು, ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಏರ್‌ಫೀಲ್ಡಿನಲ್ಲಿ ಮೋಡ ಕೆಳಗಿತ್ತು, ಗೋಚರತೆ ಐದರ ಆಸುಪಾಸಿನಲ್ಲಿ ಆಡುತ್ತಿತ್ತು, ಮಧ್ಯಾಹ್ನಕ್ಕೆ ಗುಡುಗಿನ ಮುನ್ಸೂಚನೆ. ಅವನು ಬೇಡವೆಂದ. ಹನ್ನೊಂದಕ್ಕೆಲ್ಲ ಚುರುಕು ಬಿಸಿಲು ಬಿತ್ತು. 'ಬಿಸಲ ನೋಡೋ, ಸುಮ್ಮನ ಹೆದರಿದಿ' ಎಂದು ಅಮ್ಮ ಅಂದರಂತೆ. ಆ ದಿನ ಎಲ್ಲರೂ ಸಾಲಾರ್‌ಜಂಗ್ ಮ್ಯೂಸಿಯಂ ನೋಡಿಕೊಂಡು ಬಂದರು.

ರಾತ್ರಿ ಅವನು ನಮ್ಮ ಮನೆಗೆ ಬಂದ. 'ಹಾರಿದ್ರ ಏನೂ ಆಗ್ತಿರಲಿಲ್ಲ ಅನ್ನಸ್ತದ' ಎಂದ. ಇರಬಹುದು ಎಂದೆ. ಲಾಗ್‌ಬುಕ್ಕಿನಲ್ಲಿ ಹಾರದೆ ಬಿಟ್ಟ ದಿನವನ್ನು ಬರೆಯಲು ಕಾಲಂ ಇಲ್ಲ ಎಂದು ತೋರಿಸಿದ. ನಾನು ಅಪ್ಪನ ಮೆಮೊದ ಕತೆ ಹೇಳಿದೆ. ಅವನ ತಂದೆ ತಾಯಿ ಜನವರಿಯಲ್ಲಿ ಮತ್ತೆ ಬರುತ್ತಾರೆ. ಆಕಾಶ ತಿಳಿಯಾಗಿದ್ದರೆ ಹಾರುತ್ತಾರೆ.